ಆರು ಪಾಯಿಂಟಿನ ಅಕ್ಷರ

ಕಲಬುರಗಿ ನೆಹರೂ ಗಂಜಿನ ಹಿಂದಿನ ಗಲ್ಲಿಯೊಳಗ
ಗೌಸ್‌ಪಾಶಾನ ಪ್ರೆಸ್ಸು, ಅದರ ಮೂಲ್ಯಾಗ ನನ್ನ ಕಂಪ್ಯೂಟರು.
ಮದುವಿ ಪತ್ರ, ತೊಗರಿ ಬ್ಯಾಳಿ ಚೀಲದ ಹೆಸರು,
ತೀರಿಕೊಂಡವರ ಫೋಟೊದ ಕೆಳಗ ಎರಡು ಸಾಲು:
ಹನ್ನೊಂದು ವರ್ಷದಿಂದ ನಾ ಜೋಡಿಸಿದ್ದು ಇಷ್ಟು.
ಓದೀನಿ ಅಂತ ಹೇಳಲಿಕ್ಕಿ ಬರಂಗಿಲ್ಲ.

ಹೋದ ತಿಂಗಳು ಕಲ್ಯಾಣರಾವ್ ಸಾವ್ಕಾರ್ರು
ಎಣ್ಣಿ ಪಾಕೀಟಿನ ಲೇಬಲ್ ಕೆಲಸ ತಂದರು.
"ಹೂವಾ ದೊಡ್ಡದು ಮಾಡವಾ, ಕಣ್ಣಿಗಿ ಹೊಡೀಬೇಕು."
ಮಾಡಿದೆ. ಕುಸುಬಿ ಹೂವಾ, ಕೇಸರಿ, ಅಂಗೈಯಷ್ಟು.
ಮುಳ್ಳು ತೆಗೆದು ಬಿಟ್ಟೆ; ಮುಳ್ಳು ಯಾರು ಕೊಳ್ಳತಾರ?
"ಕೊಲೆಸ್ಟ್ರಾಲ್ ಇಲ್ಲ" ಅಂತ ಹಸಿರು ಪಟ್ಟಿಯೊಳಗ,
ಬಾಜೂಕ ಒಂದು ಕೆಂಪು ಗುಂಡಿಗಿ.
ಹಿಂದಗಡೆ, ಪಾಕೀಟು ಮಡಚೋ ಅಂಚಿಗಿ, ಒಂದು ಸಾಲು:
ಪಾಮ್ ಎಣ್ಣೆ ಎಂಬತ್ತು, ಕುಸುಬೆ ಎಣ್ಣೆ ಇಪ್ಪತ್ತು.
"ಇದು ಬರೀಲೇಬೇಕು, ಕಾಯದೆ ಅದ" ಅಂದರು
ಹಲ್ಲುನೋವು ಬಂದವರಂಗ ಗಲ್ಲ ಹಿಡಕೊಂಡು.
"ಸಣ್ಣದು ಮಾಡು. ಇನ್ನೂ ಸಣ್ಣದು.
ಇರಬೇಕು, ಆದ್ರ ಇದ್ದಂಗ ಇರಬಾರದು."
ಎಂಟು, ಏಳು, ಆರು.
ಆರಕ್ಕ ಬಂದಾಗ ಒತ್ತಕ್ಷರಗಳು
ಒಂದರ ಹೊಟ್ಟಿಯೊಳಗ ಒಂದು ಸೇರಿಕೊಂಡವು.
ಸಾವ್ಕಾರ್ರು ನಕ್ಕರು. ಚಾ ಬಂತು. ನಾ ಕುಡಿದೆ.

ನಮ್ಮ ಅತ್ತಿ ಚನ್ನಬಸಮ್ಮ ಗಾಣಿಗೇರ ಮಗಳು,
ಆಳಂದದ ಬಾಜೂಕ ತವರು.
ಎಣ್ಣಿ ಮಾತು ತೆಗೆದರ ಮೊದಲು ಎತ್ತಿನ ಹೆಸರು ಹೇಳತಾಳ.
ಡಾಕ್ಟರ್ ಎಣ್ಣಿ ಬದಲಿಸ್ರಿ ಅಂದದ್ದಕ್ಕ
ಮಗ ನಾಕು ತರದ್ದು ತಂದಿಟ್ಟಿದ್ದ.
"ಓದು" ಅಂದಳು ಅತ್ತಿ, ಒಲಿ ಮುಂದ ಕುಂತು.

ಕೋಲ್ಡ್ ಪ್ರೆಸ್ಡ್, ಅಂದೆ. ಕಾಯಿಸದೆ ಹಿಂಡಿದ್ದು.
"ಥಂಡ ಎಲ್ಲಿದು? ಬ್ಯಾಸಗಿ ಬಿಸಲಾಗ ಗಾಣ ಸುತ್ತಿ
ನಮ್ಮ ಹಂಡ್ಯಾನ ಬೆನ್ನು ಹೊಗಿ ಆಡತಿತ್ತು.
ಅದರ ಬೆವರು ಯಾವ ಪಾಕೀಟಿನ ಮ್ಯಾಲೆ ಬರದಾರ?"

ರಿಫೈನ್ಡ್. ಬಣ್ಣ ತೆಗೆದದ್ದು, ವಾಸನಿ ತೆಗೆದದ್ದು,
ಅಂಟು ತೆಗೆದದ್ದು.
"ಮತ್ತ ಉಳದದ್ದು?"
ನನಗ ತಿಳೀಲಿಲ್ಲ. ಜಾರೋದು, ಅಂದೆ.

ಕೊಲೆಸ್ಟ್ರಾಲ್ ಇಲ್ಲ. ಅದು ಕಾಳಿನ ಎಣ್ಣಿಯೊಳಗ
ಯಾವತ್ತೂ ಇರಂಗಿಲ್ಲಂತ, ಡಾಕ್ಟರೇ ಹೇಳಿದ್ದು.
ಅತ್ತಿ ನಕ್ಕು ನಕ್ಕು ಕೆಮ್ಮು ಹತ್ತಿಸಿಕೊಂಡಳು:
"ನಮ್ಮ ಎತ್ತು ಮನಶ್ಯಾರನ್ನ ತಿನ್ನಂಗಿಲ್ಲಂತ
ಕೊಳ್ಳಾಗ ಬೋರ್ಡ್ ಕಟ್ಟಿದಂಗಾತು!"

ಒಂದು ಲೀಟರ್, ಬ್ರಾಕೆಟಿನೊಳಗ ಒಂಬೈನೂರಾ ಹತ್ತು ಗ್ರಾಮ್.
"ಉಳದ ತೊಂಬತ್ತು ಯಾರು ನುಂಗಿದರು?"
ಯಾರೂ ನುಂಗಿಲ್ಲ ಅತ್ತಿ. ಎಣ್ಣಿ ನೀರಿಗಿಂತ ಹಗುರ,
ಅದಕ್ಕೇ ನೀರಿನ ಮ್ಯಾಲೆ ತೇಲತದ.
ಇದೊಂದು ಅಕಿಗೆ ಸೇರಿತು.
"ಖರೇ ಮಾತು. ನಮ್ಮಪ್ಪನೂ ಹಿಂಗೇ ಅಂತಿದ್ದ."

ಕಡೀ ಪಾಕೀಟು ನೋಡಿದ್ದೇ ಗುರುತು ಹತ್ತಿತು,
ನಾನೇ ಮುಳ್ಳು ತೆಗೆದ ಹೂವಾ.
ಅತ್ತಿ ಹೊಳ್ಳಿಸಿ ಹೊಳ್ಳಿಸಿ ನೋಡಿದಳು.
ಮಬ್ಬುಗಣ್ಣು; ಆದರೂ ಬೆರಳು ಅಂಚಿಗಿ ಹೋಗಿ ನಿಂತಿತು.
"ಇದೇನವಾ, ಇರುವಿ ಸಾಲು ಹೊಂಟದಲ್ಲ?"

ನೋಡದೇ ಹೇಳಬಹುದಿತ್ತು.
ಬಲ್ಬಿನ ಕೆಳಗ ಹಿಡಿದು ಓದಿದಂಗ ಮಾಡಿದೆ, ತಡವರಿಸಿ:
ಪಾಮ್ ಎಂಬತ್ತು, ಕುಸುಬಿ ಇಪ್ಪತ್ತು.
"ಇಷ್ಟು ಸಣ್ಣಗ ಯಾರು ಬರದಾರ?"
ಒಲಿ ಮ್ಯಾಲೆ ರೊಟ್ಟಿ ಉಬ್ಬಿತ್ತು. ಅದನ್ನ ತಿರುವಿದೆ.

ರೊಟ್ಟಿ ಮ್ಯಾಲೆ ನಾಕು ಹನಿ ಬಿಟ್ಟು
ಅತ್ತಿ ಮೂಸಿದಳು, ಕಣ್ಣು ಮುಚ್ಚಿ, ಬಾಳ ಹೊತ್ತು.
"ಕುಸುಬಿ ಈ ಹಾದಿಲೇ ಹೋಗ್ಯಾದ ನೋಡು.
ನಿಂತಿಲ್ಲ."

ಮರುವಾರ ಅದೇ ಲೇಬಲ್ ಎರಡನೇ ಸಲ ಪ್ರಿಂಟಿಗಿ ಬಂತು.
ಫೈಲ್ ತೆಗೆದೆ. ಡಬ್ಬಿಯೊಳಗ ಆರು ಅಂತ ಕುಂತಿತ್ತು.
ಮಷೀನ್ ಖಾಲಿ ನಿಂತದ ಅಂತ ಗೌಸ್‌ಪಾಶಾ ಕೂಗತಿದ್ದ.
ಸಾಲನ್ನ ಮುಂದಕ್ಕ ಎಳೆದು ತಂದು
ಹನ್ನೆರಡು ಹೊಡೆದೆ. ಒತ್ತಕ್ಷರಗಳು ಉಸಿರು ಬಿಟ್ಟವು.
ಹೂವಿನ ಒಂದು ಎಸಳು ಸರೀಬೇಕಾತು, ಅಷ್ಟೇ.

ಪ್ರೂಫ್ ಹೋಗ್ಯಾದ.
ಸಾವ್ಕಾರ್ರ ಫೋನ್ ಇನ್ನೂ ಬಂದಿಲ್ಲ.